ಕೆಳಗಿನ ಕೋಣೆಯ ಜೇನು



ಜೇನುಹುಳದ ದುಡಿಮೆಯನ್ನು ಕೊಂಡಾಡಿ ಸೋಮಾರಿಗಳನ್ನು ಎಚ್ಚರಿಸುವ ಪ್ರಸಂಗಗಳನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಅದು ಒಳ್ಳೆಯ ಉಪದೇಶವೇ ಸರಿ. ಆದರೆ ಈ ಬೇಸಿಗೆಯಲ್ಲಿ ಹುಳವನ್ನು ಬಿಟ್ಟು, ಅದರ ಪೆಟ್ಟಿಗೆಯ ಮುಂದೆ ಚಾಕು ಹಿಡಿದು ನಿಂತಿರುವ ಮನುಷ್ಯನನ್ನು ಕುರಿತು ಸ್ವಲ್ಪ ಯೋಚಿಸೋಣ. ಯಾಕಂದರೆ ಹುಳವು ದೇವರು ನೇಮಿಸಿದ ಕೆಲಸವನ್ನು ತಪ್ಪದೆ ಮಾಡುತ್ತದೆ; ಪರೀಕ್ಷೆಗೆ ಒಳಗಾಗುವವನು ಆ ಮನುಷ್ಯನೇ.

ನಮ್ಮ ಕೊಡಗು ಸೀಮೆಯಲ್ಲಿ ಬೇಸಿಗೆಯೇ ಜೇನಿನ ಸುಗ್ಗಿ. ಹೂಮಳೆ ಬಿದ್ದ ಎಂಟು ಹತ್ತು ದಿವಸಗಳಲ್ಲಿ ಕಾಫಿ ತೋಟಗಳು ಬೆಳ್ಳಗೆ ಅರಳಿ, ಕೆಲವು ದಿವಸ ಊರಿಗೆಲ್ಲಾ ಪರಿಮಳವನ್ನು ಹಬ್ಬಿಸಿ ಬಾಡಿಹೋಗುತ್ತವೆ. ಅವುಗಳ ಹಿಂದೆಯೇ ನೇರಳೆ, ಮತ್ತಿ ಮುಂತಾದ ಕಾಡುಮರಗಳು ಹೂ ಬಿಡುತ್ತವೆ. ಮೇ ತಿಂಗಳು ಮುಗಿಯುವದರೊಳಗೆ ನಮ್ಮ ತುಡುವೆ ಜೇನುಗಳು ಕೂಡಿಸಿದ್ದೇ ಕೂಡಿಸಿದ್ದು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ವರೆಗೂ ಅವು ಹೊರಗೆ ಹೋಗುವ ದಿವಸಗಳು ಕಡಿಮೆ. ಹೋದರೂ ಸಿಕ್ಕುವ ಆಹಾರವು ಅತ್ಯಲ್ಪ.

ಆದುದರಿಂದ ಈ ಕಾಲದಲ್ಲಿ ಜೇನು ಸಾಕುವವನಿಗೆ ಕೆಲಸ ಬಹಳ. ಮಧ್ಯಾಹ್ನದ ಬಿಸಿಲು ಪೆಟ್ಟಿಗೆಗೆ ತಗಲದಂತೆ ನೆರಳು ಮಾಡಬೇಕು. ಮರಿಗಳಿರುವ ಎರಿಗಳ ನಡುವೆ ಸುಮಾರು ೩೪-೩೫ ಡಿಗ್ರಿ ಸೆಲ್ಸಿಯಸ್ ಕಾವು ಇರಬೇಕು. ಹೆಚ್ಚಾದರೆ ಹುಳಗಳು ನೀರನ್ನು ತಂದು ಹರಡಿ, ರೆಕ್ಕೆ ಬೀಸಿ ಮನೆಯನ್ನು ತಂಪು ಮಾಡುತ್ತವೆ. ಅವುಗಳಿಗೆ ಸಮೀಪದಲ್ಲಿಯೇ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ಮುಳುಗದಂತೆ ಸಣ್ಣ ಕಲ್ಲುಗಳನ್ನು ಹಾಕಿಡಬೇಕು. ಪೆಟ್ಟಿಗೆಯ ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ ಇರುವೆಗಳನ್ನು ತಡೆಯಬೇಕು. ಮೇಣದ ಹುಳು ಸೇರದಂತೆ ಅಡಿಹಲಗೆಯನ್ನು ಆಗಾಗ್ಗೆ ಗುಡಿಸಬೇಕು. ಹೊಸ ರಾಣಿಯ ಕೋಶಗಳು ಕಂಡರೆ ಕುಟುಂಬವು ಪಾಲಾಗುವ ಸೂಚನೆಯೆಂದು ತಿಳಿದು ಬೇರೆ ಪೆಟ್ಟಿಗೆಯನ್ನು ಸಿದ್ಧಮಾಡಬೇಕು. ಎರಿಯಲ್ಲಿ ಮುಕ್ಕಾಲು ಪಾಲು ಕಣ್ಣುಗಳಿಗಾದರೂ ಮೇಣದ ಮುಚ್ಚಳ ಬಿದ್ದ ಮೇಲೆಯೇ ಜೇನು ತೆಗೆಯಬೇಕು. ಅವಸರದಿಂದ ತೆಗೆದ ಹಸಿ ಜೇನು ಹುಳಿಯುತ್ತದೆ.

ಇವೆಲ್ಲಾ ಕೈಯ ಕೆಲಸಗಳು. ಇವುಗಳ ಮೇಲೆ ಮನಸ್ಸಿನ ಕೆಲಸವೊಂದುಂಟು. ಅದು ಯಾವದೆಂದರೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವದು.

ಪೆಟ್ಟಿಗೆಗೆ ಎರಡು ಅಂತಸ್ತುಗಳಿರುವದನ್ನು ನೀವು ಬಲ್ಲಿರಿ. ಕೆಳಗಿನ ಕೋಣೆಯಲ್ಲಿ ರಾಣಿಯು ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯುತ್ತವೆ, ಎರಿಗಳ ಮೇಲಂಚಿನಲ್ಲಿ ಮನೆಯವರ ಊಟಕ್ಕೆ ಜೇನು ಇರುತ್ತದೆ. ಮೇಲಿನ ಕೋಣೆಯಲ್ಲಿ ತುಂಬುವದು ಅವುಗಳಿಗೆ ಮಿಕ್ಕದ್ದು. ಅದೇ ನಮ್ಮ ಪಾಲು. ಈ ಏರ್ಪಾಡು ಮೊದಲಿನಿಂದಲೂ ಇದ್ದದ್ದಲ್ಲ. ಪೂರ್ವದಲ್ಲಿ ನಮ್ಮ ದೇಶದವರು ಬೆಂಕಿ ತೋರಿಸಿ ಹುಳಗಳನ್ನು ಓಡಿಸಿ, ಮರಿಗಳ ಸಂಗಡ ಎರಿಯನ್ನು ಹಿಂಡುತ್ತಿದ್ದರು. ಯೂರೋಪಿನಲ್ಲಿಯೂ ಗಂಧಕದ ಹೊಗೆ ಹಾಕಿ ಇಡೀ ಗೂಡನ್ನು ಕೊಂದು ಜೇನು ತೆಗೆಯುವ ಪದ್ಧತಿ ಇತ್ತು. ೧೮೫೧ರಲ್ಲಿ ಅಮೇರಿಕಾ ದೇಶದ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಎಂಬ ಸಭಾಪಾಲಕರು ಒಂದು ಸಂಗತಿಯನ್ನು ಕಂಡುಕೊಂಡರು. ಸುಮಾರು ೩/೮ ಅಂಗುಲದ ಸಂದನ್ನು ಬಿಟ್ಟರೆ ಹುಳಗಳು ಅದನ್ನು ಮೇಣದಿಂದ ಮುಚ್ಚದೆ ದಾರಿಯಾಗಿ ಬಿಟ್ಟುಕೊಳ್ಳುತ್ತವೆ. ಆ ಸಂದಿನ ದೆಸೆಯಿಂದ ಚೌಕಟ್ಟುಗಳನ್ನು ಮುರಿಯದೆ ಎತ್ತಿ ನೋಡಿ ತಿರಿಗಿ ಇಡುವದು ಸುಲಭವಾಯಿತು. ೧೯೧೧ರಿಂದ ೧೯೧೭ರ ವರೆಗೆ ದಕ್ಷಿಣ ಭಾರತದಲ್ಲಿ ಜೇನುಸಾಕಣೆಯನ್ನು ಕಲಿಸಿದ ಫಾದರ್ ನ್ಯೂಟನ್‌ರವರು ನಮ್ಮ ಚಿಕ್ಕ ಜೇನುಹುಳಕ್ಕೆ ತಕ್ಕ ಪೆಟ್ಟಿಗೆಯನ್ನು ಮಾಡಿದರು. ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹೀಗೆ ಕೊಲ್ಲದೆ ಪಡೆಯುವ ಮಾರ್ಗವು ನಮಗೆ ತೆರೆಯಲ್ಪಟ್ಟಿತು.

ಆದರೆ ಪೆಟ್ಟಿಗೆ ಬದಲಾದ ಮಾತ್ರಕ್ಕೆ ಹೃದಯವು ಬದಲಾಗುವದೋ? ಮೇ ತಿಂಗಳ ಕಡೆಯ ವಾರದಲ್ಲಿ ವ್ಯಾಪಾರಿಯು ಅಂಗಳಕ್ಕೆ ಬಂದು ಇನ್ನೆರಡು ಸೀಸೆ ಇದ್ದರೆ ಕೊಡಿರೆಂದು ಕೇಳುತ್ತಾನೆ. ಮಕ್ಕಳ ಶಾಲೆ ಆರಂಭವಾಗುವ ಕಾಲ, ಕೊಡೆ ಕಂಬಳಿಗಳ ಕಾಲ, ಅಂಗಡಿಯ ಸಾಲ ತೀರಿಸುವ ಕಾಲ. ಮೇಲಿನ ಕೋಣೆ ಬರಿದಾಗಿದೆ. ಆಗ ಕೈ ಕೆಳಗಿನ ಕೋಣೆಗೆ ಹೋಗುತ್ತದೆ. ಹುಳಗಳು ನ್ಯಾಯಸ್ಥಾನಕ್ಕೆ ಹೋಗುವದಿಲ್ಲ. ನೆರೆಯವರಿಗೆ ದೂರು ಹೇಳುವದಿಲ್ಲ. ಆಷಾಢದ ಜಡಿಮಳೆಯಲ್ಲಿ ಒಂದು ದಿವಸ ಮುಚ್ಚಳ ತೆಗೆದು ನೋಡಿದರೆ, ಒಣಗಿದ ಎರಿಗಳೂ ಅಡಿಹಲಗೆಯ ಮೇಲೆ ಸತ್ತ ಹುಳಗಳೂ ಮಾತ್ರ ಇರುತ್ತವೆ. ಇಲ್ಲವೆ ಕುಟುಂಬವೇ ಪೆಟ್ಟಿಗೆ ಬಿಟ್ಟು ಹೋಗಿರುತ್ತದೆ. ಎರಡು ಸೀಸೆಯ ಆಶೆಗೆ ಮುಂದಿನ ವರುಷದ ಸುಗ್ಗಿಯೆಲ್ಲಾ ನಷ್ಟವಾಯಿತು.

ಸತ್ಯವೇದವು ಜೇನನ್ನು ತಿನ್ನಬಾರದೆಂದು ಹೇಳುವದಿಲ್ಲ. ಯೋನಾತಾನನು ಕಾಡಿನಲ್ಲಿ ಕೋಲಿನ ತುದಿಯಿಂದ ಅದನ್ನು ರುಚಿನೋಡಿ ಕಣ್ಣು ಕಳೆಗೊಂಡವನಾದನು. ಆದರೆ ಸಾಕಾಗುವಷ್ಟನ್ನೇ ತಿನ್ನಬೇಕೆಂದು ಜ್ಞಾನೋಕ್ತಿಗಳ ೨೫ನೆಯ ಅಧ್ಯಾಯವು ಬುದ್ಧಿ ಹೇಳುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ದೇವರು ಹೊಲದ ಮೂಲೆಗಳನ್ನು ಪೂರಾ ಕೊಯ್ಯಬಾರದೆಂದು ಆಜ್ಞಾಪಿಸಿದನು. ಆ ಮೂಲೆಯ ಪೈರು ಬಡವನದೂ ಪರದೇಶಿಯದೂ ಆಗಿತ್ತು. ಹೊಲ ನನ್ನದು, ಬೀಜ ನನ್ನದು, ಬೆವರು ನನ್ನದು ಎಂದು ಹೇಳುವವನಿಗೂ ಆ ಮೂಲೆಯು ನಿನ್ನದಲ್ಲವೆಂದು ದೇವರು ಹೇಳಿದನು. ಪೆಟ್ಟಿಗೆಯ ಕೆಳಗಿನ ಕೋಣೆಯು ಅಂಥಾ ಮೂಲೆಯಲ್ಲವೋ?

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಸುಗ್ಗಿಯ ಕಾಲದಲ್ಲಿ ದುಡಿಯುವ ಕೆಲಸದ ಹುಳದ ಆಯುಷ್ಯವು ಕೆಲವು ವಾರಗಳು ಮಾತ್ರ. ಕಾಫಿಯ ಹೂವಿನಿಂದ ಮಧುವನ್ನು ತಂದ ಹುಳವು ಶ್ರಾವಣದ ಮಳೆಯನ್ನು ಕಾಣುವದಿಲ್ಲ. ಅದು ಕೂಡಿಸಿದ್ದನ್ನು ಉಣ್ಣುವವರು ಅದರ ಮರಣದ ತರುವಾಯ ಹುಟ್ಟುವವರು. ತಾನು ಕಾಣದ ದಿವಸಕ್ಕಾಗಿ, ತಾನು ಅರಿಯದ ಮರಿಗಳಿಗಾಗಿ ಅದು ಹೊತ್ತು ತಂದು ಇಡುತ್ತದೆ. ಹೀಗಿರಲಾಗಿ ಕೆಳಗಿನ ಕೋಣೆಗೆ ಕೈ ಹಾಕುವವನು ಸತ್ತವರ ದುಡಿಮೆಯನ್ನೂ ಇನ್ನೂ ಹುಟ್ಟದವರ ಅನ್ನವನ್ನೂ ಒಂದೇ ಸಾರಿ ಕಿತ್ತುಕೊಳ್ಳುತ್ತಾನೆ.

೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಈ ಸೀಮೆಯ ಜೇನುಗಳಿಗೆ ತಗಲಿದ ಸಂಗತಿಯನ್ನು ಹಿರಿಯರು ಮರೆತಿಲ್ಲ. ಮರಿಗಳು ಕೋಶಗಳಲ್ಲಿಯೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಪೆಟ್ಟಿಗೆಗಳಲ್ಲಿ ಬಹುಭಾಗ ಬರಿದಾದವು. ಅನೇಕರು ಅವನ್ನು ಅಟ್ಟಕ್ಕೆ ಹಾಕಿಬಿಟ್ಟರು. ಆ ರೋಗಕ್ಕೆ ಔಷಧವಿರಲಿಲ್ಲ. ಆದರೂ ಇಂದು ನಮ್ಮ ತೋಟಗಳಲ್ಲಿ ತುಡುವೆ ಜೇನಿನ ಧ್ವನಿ ಕೇಳಿಸುತ್ತದೆ. ಅದು ಎಲ್ಲಿಂದ ಬಂತು? ಮರದ ಪೊಟರೆಗಳಲ್ಲಿಯೂ ಹುತ್ತಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಪೆಟ್ಟಿಗೆಯಲ್ಲಿಯೂ ಉಳಿದಿದ್ದ ಸ್ವಲ್ಪದಿಂದಲೇ ಬಂತು. ಕಂಡ ಗೂಡುಗಳನ್ನೆಲ್ಲಾ ಮನುಷ್ಯರು ಸುಟ್ಟು ಹಿಂಡಿದ್ದರೆ ಆ ಸ್ವಲ್ಪವೂ ಉಳಿಯುತ್ತಿರಲಿಲ್ಲ. ದೇವರು ಅನೇಕ ಸಾರಿ ತನ್ನ ಜನರನ್ನು ಉಳಿದ ಸ್ವಲ್ಪದಿಂದಲೇ ಪುನಃ ಕಟ್ಟಿದನಲ್ಲಾ!

ಪ್ರಿಯರೇ, ನಮ್ಮ ಮನೆಗಳಲ್ಲಿಯೂ ಕೆಳಗಿನ ಕೋಣೆಯುಂಟು. ಕಾಫಿ ಕೊಯ್ಲಿನ ಕೂಲಿ ಕೈಗೆ ಬಂದಾಗ ಮಳೆಗಾಲದ ಅಕ್ಕಿಗಾಗಿ ತೆಗೆದಿಡುವ ಹಣವು ಹೆಂಡತಿ ಮಕ್ಕಳ ಪಾಲು. ಅದನ್ನು ಮದ್ಯದ ಅಂಗಡಿಗೆ ಕೊಡುವವನು ಯಾರ ಜೇನನ್ನು ಹಿಂಡುತ್ತಾನೆ? ಮಗಳ ಶಾಲೆಯನ್ನು ಬಿಡಿಸಿ ತೋಟದ ಕೆಲಸಕ್ಕೆ ಕಳುಹಿಸುವವನು ಯಾರ ಕೋಣೆಗೆ ಕೈ ಹಾಕುತ್ತಾನೆ? ನಮ್ಮಲ್ಲಿ ಹೊಲ ತೋಟವುಳ್ಳವರು ಕೂಲಿಯವನ ಸಂಬಳದಲ್ಲಿ ಕಡಿಮೆ ಮಾಡಿದರೆ ಅದೂ ಇದೇ ಪಾಪವು. ಬೆಳೆಹಬ್ಬಕ್ಕೆ ದೇವಾಲಯಕ್ಕೆ ತರುವ ಸೀಸೆಯು ಎಷ್ಟು ದೊಡ್ಡದೆಂದು ಕರ್ತನು ನೋಡುವದಿಲ್ಲ. ಅದು ಯಾವ ಕೋಣೆಯಿಂದ ಬಂತೆಂದು ನೋಡುತ್ತಾನೆ.

ಆದುದರಿಂದ ಈ ವಾರ ಪೆಟ್ಟಿಗೆಯನ್ನು ತೆರೆಯುವವರು ಮೇಲಿನ ಕೋಣೆಯ ಜೇನನ್ನು ಸ್ತೋತ್ರದೊಡನೆ ತೆಗೆದುಕೊಳ್ಳಿರಿ. ಕೆಳಗಿನದನ್ನು ಮುಟ್ಟದೆ ಬಿಡಿರಿ. ಮಳೆಯು ದೀರ್ಘವಾಗಿ ಅವುಗಳ ಬುತ್ತಿ ತೀರಿದರೆ, ಸಕ್ಕರೆಯನ್ನೂ ಕಾಯಿಸಿ ಆರಿಸಿದ ನೀರನ್ನೂ ಸಮಪಾಲು ಕೂಡಿಸಿ ಸಾಯಂಕಾಲದಲ್ಲಿ ಪೆಟ್ಟಿಗೆಯೊಳಗೆ ಇಡಿರಿ. ೨೦೧೮ರ ಆಗಸ್ಟ್ ತಿಂಗಳ ಮಳೆಯನ್ನೂ ಕುಸಿದ ಗುಡ್ಡಗಳನ್ನೂ ಕಂಡ ನಾವು, ಮಳೆಯು ನಮ್ಮ ಲೆಕ್ಕದಂತೆ ಬರುವದಿಲ್ಲವೆಂದು ಕಲಿತಿದ್ದೇವಷ್ಟೆ.

ತನಗಾಗಿ ಏನನ್ನೂ ಇಟ್ಟುಕೊಳ್ಳದೆ ನಮಗೋಸ್ಕರ ಎಲ್ಲವನ್ನೂ ಕೊಟ್ಟ ಕರ್ತನಾದ ಯೇಸುವು, ಪಡೆಯುವ ಕೈಗೆ ಕೃತಜ್ಞತೆಯನ್ನೂ ನಿಲ್ಲಿಸುವ ಕೈಗೆ ಬಲವನ್ನೂ ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.