ಕಡಲಾಚೆಯ ಓದು, ಕೇರಿಯ ತಕರಾರು

ಕುಂಸಿಯ ಮ್ಯಾಂಗನೀಸ್ ಅದಿರು ನೂರು ವರ್ಷಕ್ಕೂ ಹಿಂದೆಯೇ ಹಡಗು ಹತ್ತಿ ಹೊರದೇಶ ಕಂಡಿತು. ಅಗೆದವರ ಮರಿಮಕ್ಕಳಾದ ನಾವು ಈಗ ಪಾಸ್‌ಪೋರ್ಟಿನ ಅರ್ಜಿ ಬರೀತಾ ಕೂತಿದೀವಿ. ಹೋಗಿ ಏನನ್ನು ಓದಬೇಕು, ಅದನ್ನು ತೀರ್ಮಾನಿಸುವವರು ಯಾರು? ಇದು ನಮ್ಮ ತಕರಾರು.

1913ರಲ್ಲಿ ಬಾಬಾಸಾಹೇಬರು ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. 1916ರ ಮೇ ತಿಂಗಳಲ್ಲಿ ಅಲ್ಲಿ ಅವರು ಮಂಡಿಸಿದ ಪ್ರಬಂಧ ಯಾವುದರ ಬಗ್ಗೆ? ಭಾರತದ ಜಾತಿಗಳ ಬಗ್ಗೆ. ಜಾತಿಯ ಗೋಡೆ ಕಟ್ಟಿದ್ದೇ ಒಳಮದುವೆ ಅಂತ ಇಪ್ಪತ್ತೈದರ ಆ ತರುಣ ಪರದೇಶದ ಪಂಡಿತರ ಮುಂದೆ ನಿಂತು ಹೇಳಿದರು. ಊರಲ್ಲಿ ಹೇಳಿದ್ದರೆ ಕೇಳೋರು ಯಾರಿದ್ದರು! 1917ರಲ್ಲಿ ಬರೋಡಕ್ಕೆ ಮರಳಿದಾಗ ಅವರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದಲ್ಲಿದ್ದರು. ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು.

2022ರಲ್ಲಿ ಕೇಂದ್ರ ಸರ್ಕಾರ, ಪರಿಶಿಷ್ಟ ಜಾತಿ ಮೊದಲಾದವರಿಗಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ತಿದ್ದಿತು. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಸಮಾಜ ಕುರಿತ ಸಂಶೋಧನೆಗೆ ಹಣವಿಲ್ಲ ಅಂದಿತು. ಈ ನಿಯಮ 1913ರಲ್ಲೇ ಇದ್ದಿದ್ದರೆ ಆ ಪ್ರಬಂಧದ ಗತಿ?

ನಮ್ಮ ಸಮಾಜ ಓದೋಕೆ ಹೊರದೇಶ ಯಾಕಪ್ಪಾ, ಎಲ್ಲಾ ಇಲ್ಲೇ ಇದೆಯಲ್ಲ, ಅಂತಾರೆ. ನಿಜ, ಹುಣ್ಣು ಇಲ್ಲೇ ಇದೆ. ಆದರೆ ಹೆಸರು ಕೇಳಿದ ಮೇಲೆ ಕೇರಿ ಯಾವುದು ಅಂತ ಕೇಳದ ಬೆಂಚು ಇಲ್ಲಿ ಎಷ್ಟಿವೆ? ಹಾಗಂತ ಅಮೆರಿಕವೇನೂ ಸ್ವರ್ಗವಲ್ಲ. ಜಾತಿ ತಾರತಮ್ಯ ನಿಷೇಧಿಸಿ ಸಿಯಾಟಲ್ ನಗರ 2023ರಲ್ಲಿ ಕಾನೂನು ಮಾಡಬೇಕಾಯ್ತು. ಪೆಟ್ಟಿಗೆಯಲ್ಲಿ ಜಾತಿ ತುಂಬಿಕೊಂಡು ಹೋದವರಿಗೆ ಯಾವ ನಿಯಮವೂ ಅಡ್ಡ ಬರಲಿಲ್ಲ. ಅದರ ಬೆನ್ನು ಹತ್ತಿ ಹೋಗಿ ಓದ್ತೀನಿ ಅನ್ನೋ ಕೇರಿಯ ಹುಡುಗಿಗೆ ಮಾತ್ರ ಬೇರೆ ವಿಷಯ ಬರೆದುಕೊಂಡು ಬಾ ಅಂದರು.

ಕಂಪ್ಯೂಟರ್ ಅಂತ ಬರೆದು ಹೋಗು ತಂಗಿ ಅನ್ನಬೇಕೋ, ಇಲ್ಲೇ ನಿಂತು ಜಗಳ ಆಡು ಅನ್ನಬೇಕೋ, ನಮ್ಮೊಳಗೇ ಇನ್ನೂ ಇತ್ಯರ್ಥವಾಗಿಲ್ಲ.