ಬೆನ್ನು ತಟ್ಟುವುದೆಂದರೆ

ಕಿರಿಯರಿಗೆ ದೊಡ್ಡವರು ಆಸರೆಯಾಗಬೇಕು ಎಂದು ಎಲ್ಲರೂ ಹೇಳುತ್ತೇವೆ. ಆದರೆ ಆಸರೆ ಎಂದರೇನು? ಬೆನ್ನು ತಟ್ಟಿ ‘ಭೇಷ್’ ಅಂದರೆ ಸಾಕೇ?

ಬಸುರಿಯರ ಸ್ಕ್ಯಾನಿಂಗ್ ಇಂದು ನಮಗೆಲ್ಲ ಗೊತ್ತು. ಅದರ ಹಿಂದಿನ ಕಥೆ ಗೊತ್ತಿರುವವರು ಕಡಿಮೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಿದ್ದರು. ಲೋಹದೊಳಗಿನ ಬಿರುಕು ಹುಡುಕುವ ಶಬ್ದತರಂಗದ ಯಂತ್ರವನ್ನು 1955ರಲ್ಲಿ ಅವರು ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿದರು. ಆಮೇಲೆ ಆಸ್ಪತ್ರೆಗೆ ಎರವಲು ತಂದ ಯಂತ್ರವೋ ಸರಿಯಾಗಿ ಕೆಲಸ ಮಾಡದು. ಇದು ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರನ ಕಿವಿಗೆ ಬಿತ್ತು. ಟೆಲಿಫೋನ್ ಡೈರೆಕ್ಟರಿಯಲ್ಲಿ ಪ್ರಾಧ್ಯಾಪಕರ ನಂಬರು ಹುಡುಕಿ ನೇರವಾಗಿ ಫೋನು ಮಾಡಿದ.

‘ನೀನು ಡಾಕ್ಟರೇ? ನಿನಗೇನು ಗೊತ್ತು?’ ಎನ್ನಬಹುದಿತ್ತು. ಡೊನಾಲ್ಡ್ ಅವನನ್ನು ಬರಮಾಡಿಕೊಂಡರು. ಬ್ರೌನ್ ಒಳ್ಳೆಯ ಯಂತ್ರ ತಂದುಕೊಟ್ಟ. ಮುಂದೆ ಮೈಮೇಲೆ ಸರಿಸುತ್ತ ಒಳಗಿನ ಚಿತ್ರ ತೆಗೆಯುವ ಸ್ಕ್ಯಾನರನ್ನೇ ರೂಪಿಸಿದ. ಹೊಟ್ಟೆಯ ಕ್ಯಾನ್ಸರ್, ಇನ್ನು ದಾರಿಯಿಲ್ಲ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಿಗೆ ಇರುವುದು ಅಂಡಾಶಯದ ನೀರುಗಡ್ಡೆ ಎಂದು ಈ ಪರೀಕ್ಷೆ ತೋರಿಸಿತು. ಗಡ್ಡೆ ತೆಗೆದರು, ಆಕೆ ಬದುಕಿದಳು.

1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದರ ಲೇಖನ ಬಂದಾಗ, ಪ್ರಾಧ್ಯಾಪಕರ ಹೆಸರಿನ ಜೊತೆ ಕಿರಿಯ ವೈದ್ಯ ಜಾನ್ ಮ್ಯಾಕ್‌ವಿಕರ್ ಹೆಸರೂ, ಬ್ರೌನ್ ಹೆಸರೂ ಇದ್ದವು.

‘ಪ್ರಾಧ್ಯಾಪಕರಿಗೂ ಲಾಭವಾಯಿತಲ್ಲ, ಅದೇನು ಮಹಾ ಉಪಕಾರ?’ ಎಂದರು ನನ್ನ ಸಹೋದ್ಯೋಗಿಯೊಬ್ಬರು. ಆಗಲಿ. ಲಾಭ ಪಡೆದವರೆಲ್ಲ ಹೆಸರು ಹಂಚಿಕೊಳ್ಳುತ್ತಾರೆಯೇ?

ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ಹೊಸ ಟೀಚರೊಬ್ಬಳು ವಾರಗಟ್ಟಲೆ ಸಂಜೆ ಉಳಿದು ಮಕ್ಕಳಿಂದ ವಿಜ್ಞಾನದ ಮಾದರಿ ಮಾಡಿಸಿದಳು. ಬಹುಮಾನ ಬಂದ ದಿನ ಹಾರ ಬಿದ್ದದ್ದು ಹಿರಿಯರೊಬ್ಬರ ಕೊರಳಿಗೆ. ಅವರು ಸಾಮಾನಿಗೆ ದುಡ್ಡು ಕೊಡಿಸಿದ್ದರು, ಸುಳ್ಳಲ್ಲ. ಆದರೆ ವೇದಿಕೆಯಲ್ಲಿ ಅವಳ ಹೆಸರೆತ್ತಲಿಲ್ಲ. ಮರುವರ್ಷ ಅವಳು ಯಾವ ಮಾದರಿಯನ್ನೂ ಮಾಡಿಸಲಿಲ್ಲ.

ದುಡ್ಡು, ಜಾಗ, ಶಿಫಾರಸು ಕೊಟ್ಟರೆ ಕೊಟ್ಟವರ ದೊಡ್ಡತನ ಬೆಳೆಯುತ್ತದೆ. ಹೆಸರು ಹಂಚಿದರೆ ತಮ್ಮದು ತುಸು ತಗ್ಗೀತೆಂಬ ಅಳುಕು ಇರುತ್ತದೆ. ಆ ಅಳುಕನ್ನು ಮೀರಿ ಕೊಟ್ಟದ್ದೇ ನಿಜವಾದ ಆಸರೆ. ಇದಕ್ಕೆ ವಿಶ್ವವಿದ್ಯಾಲಯವೇ ಬೇಕಿಲ್ಲ. ಹಬ್ಬದ ಹೋಳಿಗೆಯನ್ನು ನೆಂಟರು ಹೊಗಳಿದಾಗ ‘ನಮ್ಮ ಸೊಸೆ ಮಾಡಿದ್ದು’ ಎನ್ನುವ ಅತ್ತೆಯೂ ನನ್ನ ಲೆಕ್ಕದಲ್ಲಿ ಆ ಪ್ರಾಧ್ಯಾಪಕರ ಸಾಲಿನವಳೇ.