ಇಂದಿನ ಧಮ್ಮ ಚಿಂತನೆ: ಮನೆಗೊಬ್ಬ ಸುದಸ್ಸನ





ಕೋಸಲದ ಅರಸ ಪಸೇನದಿಗೆ ಊಟವೆಂದರೆ ಬಲು ಆಸೆ. ಒಮ್ಮೆ ಕೊಳಗದಷ್ಟು ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧರ ಬಳಿ ಬಂದು ಕೂತ. ಬುದ್ಧರು ಬೈಯಲಿಲ್ಲ, ಉಪವಾಸ ಮಾಡು ಎನ್ನಲೂ ಇಲ್ಲ. ಎಚ್ಚರದಿಂದ, ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಗಾಥೆಯೊಂದನ್ನು ಹೇಳಿದರು. ಅರಸ ಸುದಸ್ಸನನೆಂಬ ಹುಡುಗನಿಗೆ ಅದನ್ನು ಕಲಿಸಿ, ದಿನಕ್ಕೆ 100 ಕಹಾಪಣ ಕೊಟ್ಟು, ತಾನು ಊಟಕ್ಕೆ ಕೂತಾಗಲೆಲ್ಲ ಹೇಳಿಸಿದ. ಬರಬರುತ್ತ ಊಟ ಇಳಿಯಿತು, ಮೈ ಹಗುರಾಯಿತು. ಸಂಯುತ್ತ ನಿಕಾಯದಲ್ಲಿ ಈ ಪ್ರಸಂಗವಿದೆ.

ಈಗ ನಮ್ಮ ಕಡೆ ನೋಡೋಣ. ಸಾವಳಗಿಯಾಗಲಿ, ಜಮಖಂಡಿಯಾಗಲಿ, ದುಡಿಯುವ ಒಬ್ಬರಿಗೆ ಲಕ್ವಾ ಹೊಡೆದರೆ ಇಡೀ ಮನೆ ಕುಸಿಯುತ್ತದೆ. ಕಬ್ಬು ಕಡಿಯುವ ಕೈ ಬಿದ್ದರೆ ಕೂಲಿ ನಿಂತಿತು. ಆರೈಕೆಗೆಂದು ಮಗಳು ಶಾಲೆ ಬಿಟ್ಟಳು. ಆಗ ಜನ ಹಣೆಬರಹ ಎನ್ನುತ್ತಾರೆ, ದೇವರ ಕಾಟ ಎನ್ನುತ್ತಾರೆ.

ಧಮ್ಮ ಹಾಗೆ ಹೇಳುವುದಿಲ್ಲ. ಕಾರಣವಿದ್ದರೆ ಫಲ, ಕಾರಣ ತೆಗೆದರೆ ಫಲವಿಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವಾ. ಅದರ ದೊಡ್ಡ ಕಾರಣ ಬಿ.ಪಿ. ಸಕ್ಕರೆ ಕಾಯಿಲೆ, ತಂಬಾಕು, ಕುಡಿತ ಅದರ ಜೊತೆಗಾರರು. ಬಿ.ಪಿ. ಏರಿದ್ದು ನಮಗೆ ತಿಳಿಯುವುದೇ ಇಲ್ಲ, ನೋಡಿಸಿದಾಗಲೇ ತಿಳಿಯುವುದು. ಆದ್ದರಿಂದ 30 ದಾಟಿದವರೆಲ್ಲ ಸರ್ಕಾರಿ ದವಾಖಾನೆಗೆ ಹೋಗಿ ನೋಡಿಸಿರಿ. ಮತ್ತೆ ಮತ್ತೆ ನೋಡಿದರೂ 140/90 ದಾಟಿದ್ದರೆ ವೈದ್ಯರು ಹೇಳಿದಂತೆ ನಡೆಯಿರಿ. “ಆರಾಮ ಅದೀನಿ” ಎಂದು ಗುಳಿಗೆ ಬಿಡಬೇಡಿ. ಆ ಆರಾಮ ಗುಳಿಗೆಯಿಂದಲೇ ಬಂದಿರಬಹುದು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಜೋಳದ ರೊಟ್ಟಿ, ಕಾಳು, ಮೆಂತ್ಯ, ಪುಂಡಿಪಲ್ಯ ಒಳ್ಳೆಯ ಊಟವೇ. ದಿನಾ ಅರ್ಧ ತಾಸು ನಡೆಯಿರಿ. ಐದನೆಯ ಶೀಲ ಕುಡಿತಕ್ಕೆ ಮಾತ್ರವಲ್ಲ, ಗುಟ್ಕಾ, ಬೀಡಿಗೂ ಅನ್ವಯಿಸುತ್ತದೆಂದು ತಿಳಿಯೋಣ.

ಸಾವಿರಾರು ರೂಪಾಯಿಯ ವಿಟಮಿನ್ ಡಬ್ಬಿ, ಪುಡಿ ಮಾರುವವರೂ ಬರುತ್ತಾರೆ. ಯಾರೋ ಹೇಳಿದರೆಂದು ಒಪ್ಪದೆ ಪರೀಕ್ಷಿಸಿ ನೋಡಲು ಬುದ್ಧರು ಕಾಲಾಮರಿಗೆ ಹೇಳಿದ್ದು ಇಂಥದಕ್ಕೂ ಸಲ್ಲುತ್ತದೆ. ವಿಟಮಿನ್ ಇ ಗುಳಿಗೆ ಲಕ್ವಾ ತಡೆಯುವುದೆಂದು ಅಧ್ಯಯನಗಳು ತೋರಿಸಿಲ್ಲ. ಚೀನಾದಲ್ಲಿ 20 ಸಾವಿರಕ್ಕೂ ಹೆಚ್ಚು ಬಿ.ಪಿ. ಇದ್ದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫೋಲಿಕ್ ಆಮ್ಲದಿಂದ ಲಕ್ವಾ ಕಡಿಮೆಯಾದದ್ದು ನಿಜ. ಆದರೆ ಅವರೆಲ್ಲ ಬಿ.ಪಿ. ಗುಳಿಗೆಯನ್ನೂ ತಪ್ಪದೆ ಪಡೆಯುತ್ತಿದ್ದರು. ಅದರ ಬದಲಿಗೆ ನಿಲ್ಲುವ ಡಬ್ಬಿ ಯಾವುದೂ ಇಲ್ಲ.

ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಲಕ್ವಾದ ನಾಟಿ ಔಷಧಿ ಕೊಡುವ ಊರಿಗೆ ಹೋಗಿ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ತಾನಾಗಿ ಸರಿಹೋದರೂ ದವಾಖಾನೆಗೆ ಹೋಗಲೇಬೇಕು.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ದೀಕ್ಷೆ ಪಡೆದರು, ಡಿಸೆಂಬರ್ 6ರಂದು ಅಗಲಿದರು. ನಡುವೆ ಎಂಟು ವಾರವೂ ಇಲ್ಲ. ಮಧುಮೇಹದಿಂದ ಬಳಲಿದ ಆ ದೇಹಕ್ಕೆ ಇನ್ನೂ ಹತ್ತು ವರ್ಷ ಸಿಕ್ಕಿದ್ದರೆ ಎಂದು ನಾವೆಲ್ಲ ಮರುಗುತ್ತೇವೆ. ಅವರು ಬಿಟ್ಟುಹೋದ ಕೆಲಸ ನಮ್ಮ ದೇಹಗಳಿಂದಲೇ ಆಗಬೇಕು. ಅದನ್ನು ಕಾಯುವುದೂ ಅಪ್ರಮಾದವೇ, ಎಚ್ಚರದ ಬಾಳೇ.

ಇಂದಿನ ಸಂಕಲ್ಪ ಇಷ್ಟೇ. ಮನೆಗೊಬ್ಬ ಸುದಸ್ಸನ ಇರಲಿ. ಊಟದ ಹೊತ್ತಿಗೆ ಮೊಮ್ಮಗಳು ಕೇಳಲಿ: “ಅಜ್ಜಾ, ಗುಳಿಗಿ ತೊಗೊಂಡಿಯೇನು?” ಅವಳಿಗೆ ಕಹಾಪಣ ಕೊಡಬೇಕಿಲ್ಲ, ಅಜ್ಜ ಗುಳಿಗೆ ನುಂಗಿದರೆ ಸಾಕು.

ಎಲ್ಲರಿಗೂ ಮಂಗಲವಾಗಲಿ. ಜೈ ಭೀಮ್.